ಎಸ್‌ಜಿಪಿಟಿ ನಾರ್ಮಲ್ ಇದ್ದರೆ ಸಾಕೇ?

ಸಹೋದರಿ, ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ ನಾರ್ಮಲ್ ಎಂದಿದ್ದರೆ 'ಅಲ್‌ಹಮ್ದುಲಿಲ್ಲಾಹ್, ಲಿವರ್‌ಗೆ ಏನೂ ತೊಂದರೆಯಿಲ್ಲ' ಎಂದು ನೀವು ನಿಶ್ಚಿಂತರಾಗುತ್ತೀರಿ. ಆದರೆ ಹೆಪಟೈಟಿಸ್ ಸಿ ವಿಷಯದಲ್ಲಿ ಈ ಒಂದು ಅಂಕಿಯನ್ನೇ ನಂಬುವಂತಿಲ್ಲ.

ಎಸ್‌ಜಿಪಿಟಿ ಲಿವರ್‌ನ ಜೀವಕೋಶಗಳೊಳಗಿರುವ ಒಂದು ಕಿಣ್ವ. ವರದಿಯಲ್ಲಿ ಎಎಲ್‌ಟಿ ಎಂದೂ ಬರೆದಿರುತ್ತಾರೆ. ಕೋಶಗಳಿಗೆ ಹಾನಿಯಾದಾಗ ಅದು ರಕ್ತಕ್ಕೆ ಸೋರುತ್ತದೆ. ದೀರ್ಘಕಾಲದ ಹೆಪಟೈಟಿಸ್ ಸಿ ಇರುವವರಲ್ಲಿ ಇದರ ಮಟ್ಟ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ನಾರ್ಮಲ್ ಆಗಿಯೇ ಇರುತ್ತದೆ. ಒಳಗೆ ಮಾತ್ರ ಲಿವರ್ ಸದ್ದಿಲ್ಲದೆ ಗಡುಸಾಗುತ್ತಿರಬಹುದು.

ಹೆರಿಗೆ ಅಥವಾ ಆಪರೇಷನ್ ವೇಳೆ 2001ಕ್ಕಿಂತ ಮೊದಲು ರಕ್ತ ಪಡೆದಿದ್ದೀರಾ? ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ವೈರಸ್‌ನ ಪರೀಕ್ಷೆ ಕಡ್ಡಾಯವಾದದ್ದು ಆ ವರ್ಷ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದೀರಾ? ಇನ್ನೊಬ್ಬರಿಗೆ ಬಳಸಿದ ಬ್ಲೇಡಿನಿಂದ ಹಿಜಾಮ ಮಾಡಿಸಿದ್ದೀರಾ? ಹಾಗಿದ್ದರೆ ಆ್ಯಂಟಿ-ಎಚ್‌ಸಿವಿ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ, ವೈರಸ್ ಈಗಲೂ ದೇಹದಲ್ಲಿದೆಯೇ ಎಂಬುದನ್ನು ಆರ್‌ಎನ್‌ಎ ಪರೀಕ್ಷೆ ತಿಳಿಸುತ್ತದೆ.

ಭಯ ಬೇಡ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಸಾಮಾನ್ಯವಾಗಿ 12 ವಾರ ತಪ್ಪದೆ ಮಾತ್ರೆ ಸೇವಿಸಿದರೆ 100ರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿತ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ರೋಗ ಕೊಟ್ಟ ಅಲ್ಲಾಹನು ಮದ್ದನ್ನೂ ಕೊಟ್ಟಿದ್ದಾನೆ. ಅದನ್ನು ಹುಡುಕಿ ಹೋಗಬೇಕಾದವರು ನಾವು.