ನಿಯಮಿತ ದೈಹಿಕ ಚಟುವಟಿಕೆಗಾಗಿ ಮೊಬೈಲ್ ಆಪ್‌ಗಳ ಬಳಕೆ: ಮೂಡಲಪಾಳ್ಯ ಹಾಗೂ ಸುತ್ತಲಿನ ಬಡಾವಣೆಗಳ ನಾಗರಿಕರಿಗೆ ಮಾಹಿತಿ

ಮಧುಮೇಹ, ಅಧಿಕ ರಕ್ತದೊತ್ತಡ ಹಾಗೂ ಹೃದ್ರೋಗಗಳನ್ನು ತಡೆಗಟ್ಟುವಲ್ಲಿ ನಿಯಮಿತ ದೈಹಿಕ ಚಟುವಟಿಕೆಯು ಮಹತ್ವದ ಪಾತ್ರ ವಹಿಸುತ್ತದೆ. ಆದರೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ಮಹಿಳೆಯರಲ್ಲಿ ಈ ಪ್ರಮಾಣ ಶೇ. 57ರಷ್ಟಿತ್ತು. ಈ ಕೊರತೆಯನ್ನು ನೀಗಲು ಸ್ಮಾರ್ಟ್‌ಫೋನನ್ನು ಹೇಗೆ ಬಳಸಬಹುದು ಮತ್ತು ಅದು ತೋರಿಸುವ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಲಭ್ಯವಿರುವ ಆಪ್‌ಗಳು

ಫಿಟ್ ಇಂಡಿಯಾ ಅಭಿಯಾನವು 2019ರ ಆಗಸ್ಟ್ 29ರಂದು ಆರಂಭವಾಯಿತು. ಅದರ ಅಂಗವಾಗಿ ಕೇಂದ್ರ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯವು 2021ರ ರಾಷ್ಟ್ರೀಯ ಕ್ರೀಡಾ ದಿನದಂದು ಫಿಟ್ ಇಂಡಿಯಾ ಮೊಬೈಲ್ ಆಪನ್ನು ಬಿಡುಗಡೆ ಮಾಡಿತು. ಇದಕ್ಕೆ ಶುಲ್ಕವಿಲ್ಲ, ಯಾವ ಕಚೇರಿಗೂ ಅರ್ಜಿ ಸಲ್ಲಿಸಬೇಕಾಗಿಲ್ಲ. ವಯಸ್ಸಿಗೆ ತಕ್ಕ ಸರಳ ಪರೀಕ್ಷೆಗಳ ಮೂಲಕ ಬಳಕೆದಾರರು ತಮ್ಮ ದೇಹಕ್ಷಮತೆಯನ್ನು ಅಳೆದುಕೊಳ್ಳಬಹುದು. ಉದಾಹರಣೆಗೆ, 65 ವರ್ಷ ದಾಟಿದವರು ಕುರ್ಚಿಯಿಂದ ಎಷ್ಟು ಬಾರಿ ಎದ್ದು ನಿಲ್ಲಬಲ್ಲರೆಂಬುದನ್ನು ಎಣಿಸುವ ಪರೀಕ್ಷೆಯಿದೆ. ಇಂತಹ ಪರೀಕ್ಷೆಯನ್ನು ಮನೆಯವರೊಬ್ಬರು ಪಕ್ಕದಲ್ಲಿರುವಾಗ ಮಾತ್ರ ಮಾಡತಕ್ಕದ್ದು. ಬಿಡುಗಡೆಯ ಸಮಯದಲ್ಲಿ ಈ ಆಪ್ ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಬಂದಿತ್ತು. ಆದುದರಿಂದ ಹಿರಿಯರು ಮೊದಲ ನೋಂದಣಿಗೆ ಮನೆಯ ಮಕ್ಕಳ ನೆರವು ಪಡೆಯುವುದು ಸೂಕ್ತ.

ಕೇವಲ ಹೆಜ್ಜೆ ಎಣಿಸುವುದಾದರೆ ಹೊಸ ಆಪ್ ಬೇಕೆಂದೇನೂ ಇಲ್ಲ. ಐಫೋನ್‌ಗಳಲ್ಲಿ ಹೆಲ್ತ್ ಆಪ್ ಮೊದಲಿನಿಂದಲೇ ಇರುತ್ತದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಸ್ಯಾಮ್‌ಸಂಗ್ ಹೆಲ್ತ್ ಬಳಸಬಹುದು.

ಎಣಿಕೆಯ ವಿಧಾನ ಹಾಗೂ ಅದರ ಮಿತಿ

ಫೋನಿನ ಒಳಗಿರುವ ಆಕ್ಸಿಲರೋಮೀಟರ್ ಎಂಬ ಸಣ್ಣ ಸಂವೇದಕವು ನಡಿಗೆಯ ಲಯಬದ್ಧ ಅಲುಗಾಟವನ್ನು ಗುರುತಿಸಿ ಹೆಜ್ಜೆಯೆಂದು ಲೆಕ್ಕ ಹಾಕುತ್ತದೆ. ಫೋನು ಮೈಮೇಲೆ ಇಲ್ಲದಿದ್ದರೆ ಲೆಕ್ಕವೂ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ನೀರು ತುಂಬಿ, ನೆಲ ಒರೆಸಿ, ಮಹಡಿ ಹತ್ತಿಳಿದು ಬಟ್ಟೆ ಒಣಹಾಕಿದ ಗೃಹಿಣಿಯ ಫೋನು ಅಡುಗೆಮನೆಯ ಶೆಲ್ಫಿನ ಮೇಲೆಯೇ ಇದ್ದರೆ, ಆಪ್ ಆಕೆಯನ್ನು ಸೋಮಾರಿಯೆಂದೇ ದಾಖಲಿಸುತ್ತದೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಫೋನನ್ನು ಚೀಲದಲ್ಲಿಟ್ಟು ದಿನವಿಡೀ ಭಾರ ಎತ್ತುವ ಕಾರ್ಮಿಕನ ವಿಷಯವೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯು ಮನೆಗೆಲಸವನ್ನೂ ದುಡಿಮೆಯ ಓಡಾಟವನ್ನೂ ದೈಹಿಕ ಚಟುವಟಿಕೆಯೆಂದೇ ಪರಿಗಣಿಸುತ್ತದೆ. ಆಪ್ ತೋರಿಸುವ ಕಡಿಮೆ ಅಂಕಿಯನ್ನು ಕಂಡು ನಾಗರಿಕರು, ವಿಶೇಷವಾಗಿ ಮಹಿಳೆಯರು, ನಿರಾಶರಾಗಬೇಕಾಗಿಲ್ಲ.

ಹತ್ತು ಸಾವಿರ ಹೆಜ್ಜೆ ಕಡ್ಡಾಯವೇ?

ಕಡ್ಡಾಯವಲ್ಲ. ಈ ಸಂಖ್ಯೆಯು ಜನಪ್ರಿಯವಾದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕೆ ತಂದ ಹೆಜ್ಜೆಮಾಪಕದಿಂದ. ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಗಳ ಮಾಪಕ ಎಂದು. ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 60 ವರ್ಷ ಮೇಲ್ಪಟ್ಟವರಿಗೆ ದಿನಕ್ಕೆ 6,000ದಿಂದ 8,000 ಹೆಜ್ಜೆಗಳವರೆಗೆ, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000ದವರೆಗೆ ಸಾವಿನ ಅಪಾಯ ಇಳಿಯುತ್ತ ಹೋಗಿ ನಂತರ ಬಹುಮಟ್ಟಿಗೆ ಸ್ಥಿರವಾಗುವುದು ಕಂಡುಬಂದಿದೆ. ಮೊದಲ ವಾರದಲ್ಲೇ ಹತ್ತು ಸಾವಿರ ಮುಟ್ಟಲಾಗದೆ ಆಪನ್ನೇ ಅಳಿಸಿಹಾಕುವವರು ಇದನ್ನು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ಲೆಕ್ಕವನ್ನು ನಿಮಿಷಗಳಲ್ಲಿ ಕೊಡುತ್ತದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ. ಬಿರುಸಿನ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದಿಟ್ಟುಕೊಂಡರೆ, ಅರ್ಧ ಗಂಟೆಗೆ 3,000 ಹೆಜ್ಜೆಯಾಗುತ್ತದೆ. ವಾರದಲ್ಲಿ ಐದು ದಿನ ಹೀಗೆ ನಡೆದವರ 150 ನಿಮಿಷ ಭರ್ತಿಯಾದಂತೆ. ನಡೆಯುವಾಗ ಮಾತನಾಡಲು ಸಾಧ್ಯವಿದ್ದು ಹಾಡಲು ಕಷ್ಟವಾದರೆ ಅದು ಸರಿಯಾದ ವೇಗ.

ಆಪನ್ನು ಬ್ಯಾಂಕಿನ ಪಾಸ್‌ಪುಸ್ತಕದಂತೆ ಬಳಸುವುದು ಹೆಚ್ಚು ಉಪಯುಕ್ತ. ಮೊದಲ ವಾರ ಯಾವ ಬದಲಾವಣೆಯನ್ನೂ ಮಾಡದೆ ಸರಾಸರಿಯನ್ನು ಬರೆದಿಟ್ಟುಕೊಳ್ಳಬೇಕು. ಅದು ಆರಂಭಿಕ ಶಿಲ್ಕು. 2,500 ಹೆಜ್ಜೆ ಇರುವವರು ಮುಂದಿನ ವಾರ 3,000ಕ್ಕೆ ಗುರಿ ಇಟ್ಟರೆ ಸಾಕು. ಪಕ್ಕದ ಮನೆಯವರ ಅಂಕಿಯೊಂದಿಗೆ ಹೋಲಿಕೆ ಅನಗತ್ಯ. ಮೂಡಲಪಾಳ್ಯದಿಂದ ವಿಜಯನಗರ ಅಥವಾ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣಕ್ಕೆ ನಿತ್ಯ ವಾಹನದಲ್ಲಿ ಹೋಗುವವರು ಒಂದು ಬಾರಿಯಾದರೂ ನಡೆದು ನೋಡಿದರೆ, ಆ ದಾರಿ ಎಷ್ಟು ಹೆಜ್ಜೆಯದೆಂದು ಆಪ್ ತಿಳಿಸುತ್ತದೆ. ಬೆಂಗಳೂರಿನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಆದರೂ ಆಯಾ ಉದ್ಯಾನದ ಫಲಕವನ್ನು ನೋಡಿಕೊಳ್ಳುವುದು ಒಳ್ಳೆಯದು.

ಅನುಮತಿಗಳು

ಹೆಜ್ಜೆ ಎಣಿಸುವ ಆಪ್‌ಗೆ ದೈಹಿಕ ಚಟುವಟಿಕೆಯ ಅನುಮತಿ ಬೇಕು. ಆಂಡ್ರಾಯ್ಡ್ 10ರಿಂದ ಇದನ್ನು ಪ್ರತ್ಯೇಕವಾಗಿ ಕೇಳಲಾಗುತ್ತದೆ. ದಾರಿಯ ನಕ್ಷೆ ಬೇಕಿದ್ದರಷ್ಟೇ ಸ್ಥಳದ ಅನುಮತಿ ನೀಡಬಹುದು. ಸಂಪರ್ಕ ಪಟ್ಟಿ ಅಥವಾ ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ನಿರಾಕರಿಸಬೇಕು. ಪ್ರತಿದಿನ ಒಂದೇ ವೇಳೆಗೆ ಒಂದೇ ದಾರಿಯಲ್ಲಿ ನಡೆಯುವವರು, ಮುಖ್ಯವಾಗಿ ಒಂಟಿ ಮಹಿಳೆಯರು, ತಮ್ಮ ನಡಿಗೆಯ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಹಂಚಿಕೊಳ್ಳಬಾರದು.

ಹೃದ್ರೋಗವಿರುವವರು, ಇನ್ಸುಲಿನ್ ಪಡೆಯುವವರು ಹಾಗೂ ಗರ್ಭಿಣಿಯರು ಗುರಿ ನಿಗದಿಪಡಿಸುವ ಮೊದಲು ವೈದ್ಯರನ್ನು ಕಾಣತಕ್ಕದ್ದು. ನಮ್ಮ ಕ್ಲಿನಿಕ್‌ಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಉಚಿತವಾಗಿ ದೊರೆಯುತ್ತದೆ. ನಡೆಯುವಾಗ ಎದೆನೋವು, ತಲೆಸುತ್ತು ಅಥವಾ ಅತಿಯಾದ ಏದುಸಿರು ಕಾಣಿಸಿಕೊಂಡಲ್ಲಿ, ಆ ದಿನದ ಗುರಿ ಎಷ್ಟೇ ಬಾಕಿಯಿದ್ದರೂ ಕೂಡಲೇ ನಿಲ್ಲಿಸಬೇಕು. ತೊಂದರೆ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಬೇಕು.