ಜಾಲಸಂಪರ್ಕದಲ್ಲಿ ಪೂರ್ಣಾಂಕದ ಮಿತಿಮೀರಿಕೆ

ಗಣಕಯಂತ್ರದಲ್ಲಿ ಪ್ರತಿಯೊಂದು ಸಂಖ್ಯೆಗೂ ನಿಯತವಾದ ಸ್ಥಳವುಂಟು. ಹದಿನಾರು ಬಿಟ್‌ಗಳ ಸ್ಥಳದಲ್ಲಿ 0 ಯಿಂದ 65,535 ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಬರೆಯಬಹುದು. 65,535 ಕ್ಕೆ ಒಂದನ್ನು ಕೂಡಿಸಿದರೆ ಅಲ್ಲಿ ಉಳಿಯುವುದು ಸೊನ್ನೆ. ಇದನ್ನೇ ಪೂರ್ಣಾಂಕದ ಮಿತಿಮೀರಿಕೆ ಎನ್ನುತ್ತೇವೆ. ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ನೀರು ಗಜನಿಯ ಕಟ್ಟೆಯನ್ನು ದಾಟಿದರೆ ಕಗ್ಗ ಬೆಳೆಯುವ ರೈತನಿಗೆ ಅದು ಕಣ್ಣಾರೆ ಕಾಣುತ್ತದೆ. ಸಂಖ್ಯೆಯು ಮಿತಿಯನ್ನು ದಾಟಿದಾಗ ಅಂತಹ ಕುರುಹು ತೋರದು. ದೊಡ್ಡ ಮೊತ್ತವು ಸಣ್ಣದಾಗಿ ಕಾಣುತ್ತದೆ, ಮುಂದಿನ ಲೆಕ್ಕವೆಲ್ಲವೂ ಅದನ್ನೇ ನಂಬಿ ಸಾಗುತ್ತದೆ.

ಇದರ ಪರಿಣಾಮವೆಷ್ಟು ಗುರುತರವೆಂಬುದಕ್ಕೆ ಲಿನಕ್ಸ್ ಕರ್ನಲಿನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯ ಜೊನಾಥನ್ ಲೂನಿಯವರು ಕಂಡುಹಿಡಿದ ದೋಷವೇ ನಿದರ್ಶನ. ಅದು 2019 ರ ಜೂನ್ 17 ರಂದು ಪ್ರಕಟವಾಯಿತು. ದೂರದಲ್ಲಿರುವವನೊಬ್ಬನು, ಗುಪ್ತಪದವೊಂದೂ ಇಲ್ಲದೆ, ಸರ್ವರನ್ನು ಸ್ತಬ್ಧಗೊಳಿಸಲು ಇದರಿಂದ ಸಾಧ್ಯವಿದ್ದಿತು.

ಟಿ.ಸಿ.ಪಿ. ನಿಯಮದಂತೆ ಮಾಹಿತಿಯನ್ನು ತುಂಡುತುಂಡಾಗಿ ಕಳುಹಿಸಲಾಗುತ್ತದೆ. ಯಾವ ತುಂಡುಗಳು ತಲುಪಿದುವೆಂದು ಎದುರಿನ ಯಂತ್ರವು ತಿಳಿಸಿದೊಡನೆ, ಕರ್ನಲ್ ಅವುಗಳನ್ನು ಒಂದೇ ಕಂತೆಯಾಗಿ ಕೂಡಿಸಿ, ಅದರಲ್ಲಿರುವ ತುಂಡುಗಳ ಎಣಿಕೆಯನ್ನು ಹದಿನಾರು ಬಿಟ್‌ಗಳಲ್ಲಿ ಬರೆದಿಡುತ್ತದೆ. ಒಂದು ಕಂತೆಯಲ್ಲಿ 17 ಭಾಗಗಳಿರಬಹುದು. ಸಾಮಾನ್ಯ ಯಂತ್ರಗಳಲ್ಲಿ ಒಂದು ಭಾಗಕ್ಕೆ 32,768 ಬೈಟ್‌ಗಳಂತೆ ಒಟ್ಟು 5,57,056 ಬೈಟ್‌ಗಳು. ತುಂಡಿನ ಗಾತ್ರವು 48 ಬೈಟ್‌ಗಳನ್ನು ಮೀರಕೂಡದೆಂದು ಎದುರಿನ ಯಂತ್ರವು ಸೂಚಿಸಿದರೆ, ಐಚ್ಛಿಕ ಶಿರೋಲೇಖಕ್ಕೆ 40 ಬೈಟ್‌ಗಳು ಹೋಗಿ ಮಾಹಿತಿಗೆ ಎಂಟೇ ಉಳಿಯಬಹುದು. ಆಗ ತುಂಡುಗಳ ಸಂಖ್ಯೆ 69,632. ಆದರೆ ಬರೆದಿಟ್ಟ ಎಣಿಕೆ 4,096 ಮಾತ್ರ. ಕರ್ನಲಿನ ಸ್ವಂತ ತಾಳೆಯಲ್ಲಿ ಈ ವಿರೋಧವು ಕಂಡುಬಂದಾಗ ಅದು ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಎರಿಕ್ ಡ್ಯುಮಾಜೆಯವರ ಪರಿಹಾರವು ಸರಳವಾದುದು. ಕೂಡಿಸುವುದಕ್ಕೆ ಮೊದಲೇ ಎರಡು ಪರೀಕ್ಷೆಗಳು ನಡೆಯುತ್ತವೆ: ಕಂತೆಯ ಗಾತ್ರವು 65,535 ರ ಎಂಟರಷ್ಟನ್ನು, ಎಂದರೆ 5,24,280 ಬೈಟ್‌ಗಳನ್ನು, ಮುಟ್ಟುವುದೇ? ತುಂಡುಗಳ ಎಣಿಕೆಯು 65,535 ನ್ನು ಮೀರುವುದೇ? ಹೌದಾದರೆ ಕಂತೆಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಮಾಹಿತಿಗೆ ಯಾವ ಲೋಪವೂ ಒದಗುವುದಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಕೂಡಿಸಿದ ಮೇಲೆ ಪರೀಕ್ಷಿಸಿದರೆ ಸಾಕ್ಷ್ಯವೇ ಅಳಿಸಿಹೋಗಿರಬಹುದು. ಅಲ್ಲದೆ, ಪರೀಕ್ಷೆಯಲ್ಲಿಯೂ ಸಂಕಲನವಿದ್ದರೆ ಅದೇ ದೋಷವು ಅಲ್ಲಿಗೂ ನುಗ್ಗೀತು. ಆದುದರಿಂದ ಹೆಚ್ಚು ಬಿಟ್‌ಗಳಲ್ಲಿ ಕೂಡಿಸಬೇಕು, ಇಲ್ಲವೆ ಮಿತಿಯಿಂದ ಮೊದಲನೆಯ ಸಂಖ್ಯೆಯನ್ನು ಕಳೆದು, ಉಳಿದುದರೊಡನೆ ಎರಡನೆಯದನ್ನು ಹೋಲಿಸಬೇಕು. 17, 32,768, 8 ಇವು ಬಿಡಿಬಿಡಿಯಾಗಿ ನಿರಪಾಯಕರವಾದ ಸಂಖ್ಯೆಗಳೇ. ಅವು ಒಂದೆಡೆ ಸೇರಿದಾಗ, ಅದರಲ್ಲಿಯೂ ಒಂದನ್ನು ಅಪರಿಚಿತನು ನಿರ್ಧರಿಸುವಾಗ, ಮಿತಿಯನ್ನು ಲೆಕ್ಕಹಾಕಿ ನೋಡುವುದು ಕ್ರಮವಿಧಿಯನ್ನು ಬರೆಯುವವರ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.