ಪೂಜಾವಸ್ತುವಿನ ಮುಂದೆ ಸರ್ಕಾರದ ಮಿತಿ

ಧಾರ್ಮಿಕ ನಂಬಿಕೆಗಳಲ್ಲಿ ಹಸ್ತಕ್ಷೇಪ ಮಾಡಬಾರದೆಂದು ವಿಕ್ಟೋರಿಯಾ ರಾಣಿ 1858ರಲ್ಲಿ ಘೋಷಿಸಿದ್ದರೂ, ವಿಜಯಪುರ ನಗರದಲ್ಲಿ ಒಂದು ಮಸೀದಿ ಅಂಚೆ ಕಚೇರಿಯಾಗಿಯೂ ಇನ್ನೊಂದು ಅಧಿಕಾರಿಗಳು ತಂಗುವ ಡಾಕ್ ಬಂಗಲೆಯಾಗಿಯೂ ಬಳಕೆಯಾಗುತ್ತಿದ್ದವು. ಪ್ರಾರ್ಥನೆಯ ಜಾಗದಲ್ಲಿ ಟಪಾಲು ವಿಂಗಡಿಸುವುದು ಆಡಳಿತದ ಅನುಕೂಲವಲ್ಲ, ಅಗೌರವವೇ ಸರಿ. ವೈಸರಾಯ್ ಲಾರ್ಡ್ ಕರ್ಜನ್ ಇವೆರಡನ್ನೂ ಅಲ್ಲಿಂದ ತೆರವುಗೊಳಿಸಿದನು.

ಅವನ ಕಾಲದಲ್ಲೇ ಬಂದ 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆಯು ಸರ್ಕಾರಕ್ಕೆ ಕಡ್ಡಾಯ ಖರೀದಿಯ, ಅಂದರೆ ಮಾಲೀಕ ಒಪ್ಪದಿದ್ದರೂ ಬೆಲೆ ಕೊಟ್ಟು ವಶಪಡಿಸಿಕೊಳ್ಳುವ, ಅಧಿಕಾರವನ್ನು ಕೊಟ್ಟಿತು. ಆದರೆ ನಿಯತವಾಗಿ ಧಾರ್ಮಿಕ ಆಚರಣೆ ನಡೆಯುವ ಸ್ಮಾರಕಗಳಿಗೆ ಆ ಅಧಿಕಾರ ಅನ್ವಯಿಸದೆಂದು ಅದೇ ಕಾಯ್ದೆ ಹೇಳಿತು. ಇದಕ್ಕಿಂತ ಮಹತ್ವದ್ದು ಚರ ವಸ್ತುಗಳ, ಅಂದರೆ ಎತ್ತಿ ಸಾಗಿಸಬಹುದಾದ ಶಿಲ್ಪ, ಶಾಸನ ಮೊದಲಾದವುಗಳ ನಿಯಮ: ಆಚರಣೆಯಲ್ಲಿ ವಾಸ್ತವವಾಗಿ ಬಳಕೆಯಾಗುತ್ತಿರುವ ಮೂರ್ತಿಯನ್ನಾಗಲಿ ಸಂಕೇತವನ್ನಾಗಲಿ, ಅದು ಬೆಳ್ಳಿಯದಿರಲಿ ಕಲ್ಲಿನದಿರಲಿ, ದೇವಾಲಯದ್ದಿರಲಿ ಚರ್ಚಿನದಿರಲಿ, ಈ ಕಾಯ್ದೆಯಡಿ ಸರ್ಕಾರವು ಬಲವಂತವಾಗಿ ಕೊಳ್ಳುವಂತಿರಲಿಲ್ಲ. ಬಳಕೆ ನಿಂತುಹೋದ ವಸ್ತುವಿಗೆ ಮಾತ್ರ ಈ ರಕ್ಷಣೆ ದೊರೆಯಲಿಲ್ಲ.